ಕಾಲೇಜು ಆಟಗಾರರು ತಲೆಯ ಪೆಟ್ಟನ್ನು ಮುಚ್ಚಿಡುವುದು: ಗೊತ್ತಿಲ್ಲದೆಯೋ, ಗೊತ್ತಿದ್ದೂ ಹೇಳದೆಯೋ?

ಅಂಕಣದಂಚು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪ್ರಥಮ ದರ್ಜೆ ಕಾಲೇಜೊಂದರ ದೈಹಿಕ ಶಿಕ್ಷಣ ವಿಭಾಗದಿಂದ ಕೇಳುತ್ತಿದ್ದೇನೆ. ಕಬಡ್ಡಿ, ಫುಟ್‌ಬಾಲ್, ಕ್ರಿಕೆಟ್ ತಂಡಗಳಲ್ಲಿ ಹುಡುಗರು, ಹುಡುಗಿಯರು ಸೇರಿ ಸುಮಾರು 70 ಜನ ಇದ್ದಾರೆ. ಅಂತರ ಕಾಲೇಜು ಪಂದ್ಯಗಳು ಶುರುವಾಗುವ ಮೊದಲು ಇವರಿಗೆ ಕನ್ಕಷನ್ (ಪೆಟ್ಟಿನಿಂದ ಮೆದುಳು ಅಲುಗಿ ಅದರ ಕೆಲಸ ಏರುಪೇರಾಗುವುದು) ಬಗ್ಗೆ ಎಷ್ಟು ಗೊತ್ತಿದೆ, ಅದನ್ನು ಹೇಗೆ ನೋಡುತ್ತಾರೆ ಎಂದು ತಿಳಿದುಕೊಂಡು, ಅದಕ್ಕೆ ತಕ್ಕ ತರಬೇತಿ ಕೊಡುವ ಯೋಚನೆ ಇದೆ.

ಕಾಲು ಉಳುಕಿದರೆ ತಾವೇ ಬಂದು ಹೇಳುವ ಮಕ್ಕಳು ತಲೆಗೆ ಏಟು ಬಿದ್ದರೆ ಮುಖಕ್ಕೆ ನೀರು ಹಾಕಿಕೊಂಡು ಮತ್ತೆ ಒಳಗೆ ಓಡುತ್ತಾರೆ. ‘ಪ್ರಜ್ಞೆ ತಪ್ಪಿಲ್ಲ, ರಕ್ತ ಬಂದಿಲ್ಲ, ಏನೂ ಆಗಿಲ್ಲ ಮೇಡಂ’ ಎನ್ನುವುದೇ ಉತ್ತರ. ವಿಶ್ವವಿದ್ಯಾಲಯ ತಂಡದ ಆಯ್ಕೆ ಇರುವ ದಿನವಂತೂ ಬಾಯಿಯೇ ಬಿಡುವುದಿಲ್ಲ. ಹೆಚ್ಚಿನ ಪಂದ್ಯಗಳಲ್ಲಿ ಮೈದಾನದಲ್ಲಿ ಡಾಕ್ಟರ್ ಇರುವುದಿಲ್ಲ. ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಐಸ್, ನೋವಿನ ಸ್ಪ್ರೇ, ಇಷ್ಟೇ.

ಪ್ರಶ್ನಾವಳಿಯನ್ನು ಹೇಗೆ ಮಾಡಬೇಕು? ಡಾಕ್ಟರ್ ಇಲ್ಲದ ಕಡೆ ಪಕ್ಕದಲ್ಲಿ ನಿಂತವರು ಏನೇನು ನೋಡಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ವಿಷಯ ಗೊತ್ತಿದ್ದೂ ಮುಚ್ಚಿಡುವವರನ್ನು ಏನು ಮಾಡುವುದು? ಪೋಸ್ಟರ್ ಅಂಟಿಸಿ ಕೈತೊಳೆದುಕೊಳ್ಳುವ ಮನಸ್ಸಿಲ್ಲ.


ಎಂಪಿಎಡ್_ಮಾರ್ಗದರ್ಶಿ:

ಮೇಡಂ, ಪ್ರಶ್ನಾವಳಿಯನ್ನು ಸೊನ್ನೆಯಿಂದ ಬರೆಯಲು ಹೋಗಬೇಡಿ. ರೋಸೆನ್‌ಬಾಮ್ ಮತ್ತು ಆರ್ನೆಟ್ 2010ರಲ್ಲಿ ವಿದ್ಯಾರ್ಥಿಗಳಿಗಾಗಿಯೇ ಪ್ರಕಟಿಸಿದ ‘ರಾಕಾಸ್’ ಪ್ರಶ್ನಾವಳಿ ಇದೆ, ಅದನ್ನು ಆಧಾರವಾಗಿ ಇಟ್ಟುಕೊಳ್ಳಿ. ಅದರಲ್ಲಿ ತಿಳಿವಳಿಕೆಗೆ 0ರಿಂದ 25 ಅಂಕ, ಧೋರಣೆಗೆ 15ರಿಂದ 75 ಅಂಕ, ಎರಡೂ ಬೇರೆ ಬೇರೆ. ಇವನ್ನು ಯಾವ ಕಾರಣಕ್ಕೂ ಕೂಡಿಸಿ ಒಂದು ಮೊತ್ತ ಮಾಡಬೇಡಿ. ನಮ್ಮ ಎಷ್ಟೋ ಪ್ರಬಂಧಗಳಲ್ಲಿ ‘ಅರಿವು ಮತ್ತು ಮನೋಭಾವ: ಒಟ್ಟು 68%’ ಎಂದು ಬರೆದು ಮುಗಿಸಿರುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಲಕ್ಷಣಗಳನ್ನೆಲ್ಲ ಸರಿಯಾಗಿ ಗುರುತಿಸಿದ ಹುಡುಗನೇ ‘ಫೈನಲ್ ಆದರೆ ಆಡುತ್ತೇನೆ’ ಎಂದೂ ಬರೆದಿರುತ್ತಾನೆ. ನಿಮಗೆ ಬೇಕಾಗಿರುವುದು ಆ ಎರಡರ ನಡುವಿನ ಅಂತರ.

ಈ ಅಂತರ ಎಷ್ಟು ದೊಡ್ಡದು ಎಂಬುದಕ್ಕೆ ಹಳೆಯದಾದರೂ ಗಟ್ಟಿಯಾದ ಒಂದು ಲೆಕ್ಕವಿದೆ. 2004ರಲ್ಲಿ ಮೆಕ್ರೇ ಮತ್ತು ಸಂಗಡಿಗರು ಅಮೆರಿಕದ ಮಿಲ್ವಾಕಿ ಸುತ್ತಮುತ್ತಲ ಹೈಸ್ಕೂಲುಗಳ 1,532 ಅಮೆರಿಕನ್ ಫುಟ್‌ಬಾಲ್ ಆಟಗಾರರನ್ನು ಕೇಳಿದರು. ಆ ಋತುವಿನಲ್ಲಿ ಕನ್ಕಷನ್ ಆಗಿತ್ತು ಎಂದವರಲ್ಲಿ 47.3% ಮಾತ್ರ ಯಾರಿಗಾದರೂ ತಿಳಿಸಿದ್ದರು. ತಿಳಿಸದವರಲ್ಲಿ 66.4% ಜನ ‘ಅಷ್ಟು ಗಂಭೀರ ಅನ್ನಿಸಲಿಲ್ಲ’ ಎಂದರು, 41% ಜನ ‘ಆಟ ಬಿಟ್ಟು ಹೊರಬರಲು ಇಷ್ಟವಿರಲಿಲ್ಲ’ ಎಂದರು, 36.1% ಜನರಿಗೆ ಅದು ಕನ್ಕಷನ್ ಎಂಬುದೇ ಗೊತ್ತಾಗಿರಲಿಲ್ಲ. ಕೊನೆಯ ಗುಂಪನ್ನು ಪಾಠದಿಂದ ಸರಿಪಡಿಸಬಹುದು. ಮಧ್ಯದ ಗುಂಪಿಗೆ ಪಾಠ ನಾಟುವುದಿಲ್ಲ. ಕಾಲೇಜು ಮಟ್ಟದಲ್ಲಿ ಎಮಿಲಿ ಕ್ರೋಷಸ್ ಮತ್ತು ಸಂಗಡಿಗರು 2015ರಲ್ಲಿ 328 ಆಟಗಾರರನ್ನು ಕೇಳಿದಾಗ ಕಾಲುಭಾಗಕ್ಕೂ ಹೆಚ್ಚು ಮಂದಿ, ತಲೆಗೆ ಪೆಟ್ಟಾದ ಮೇಲೂ ಆಡುವಂತೆ ಕೋಚ್, ಜೊತೆಗಾರರು, ಮನೆಯವರು ಅಥವಾ ಅಭಿಮಾನಿಗಳಿಂದ ಒತ್ತಡ ಬಂದಿತ್ತು ಎಂದರು. ಅಂದರೆ ಆಟಗಾರನ ತಲೆಯೊಳಗೆ ಏನಿದೆ ಎಂದು ಕೇಳಿದಷ್ಟೇ ಅವನ ಸುತ್ತ ಯಾರು ನಿಂತಿದ್ದಾರೆ ಎಂದೂ ಕೇಳಬೇಕು.

ಹಾಗಾಗಿ ನಿಮ್ಮ ಹಾಳೆಯಲ್ಲಿ ನಾಲ್ಕು ಭಾಗ ಇರಲಿ. ತಿಳಿವಳಿಕೆಯದು ಸರಿ–ತಪ್ಪು ಮಾದರಿಯ ವಾಕ್ಯಗಳು. ‘ಗೊತ್ತಿಲ್ಲ’ ಎಂಬ ಮೂರನೇ ಆಯ್ಕೆ ಕಡ್ಡಾಯ, ಇಲ್ಲದಿದ್ದರೆ ಅರ್ಧ ಉತ್ತರ ಊಹೆಯಾಗಿರುತ್ತದೆ. ‘ಪ್ರಜ್ಞೆ ತಪ್ಪಿದರೆ ಮಾತ್ರ ಕನ್ಕಷನ್’, ‘ಸಿಟಿ ಸ್ಕ್ಯಾನ್ ನಾರ್ಮಲ್ ಬಂದರೆ ಕನ್ಕಷನ್ ಇಲ್ಲ’, ‘ಹೆಲ್ಮೆಟ್ ಹಾಕಿದವರಿಗೆ ಕನ್ಕಷನ್ ಆಗದು’, ‘ತಲೆಗೇ ಏಟು ಬೀಳಬೇಕು’ – ಈ ನಾಲ್ಕೂ ತಪ್ಪು, ನಾಲ್ಕೂ ವ್ಯಾಪಕ, ನಾಲ್ಕನ್ನೂ ಕೇಳಿ. ಎರಡನೆಯದು ಧೋರಣೆ. ಇಲ್ಲಿ ಸನ್ನಿವೇಶ ಕೊಡಿ: ‘ಸೆಮಿಫೈನಲ್. ನಿಮ್ಮ ಮುಖ್ಯ ರೇಡರ್‌ನ ತಲೆ ಡಿಫೆಂಡರ್‌ನ ಮಂಡಿಗೆ ಬಡಿದಿದೆ. ತಲೆ ಸುತ್ತುತ್ತಿದೆ ಎಂದು ನಿಮ್ಮೊಬ್ಬರಿಗೇ ಹೇಳಿದ್ದಾನೆ. ಏಳು ನಿಮಿಷ ಬಾಕಿ, ಎರಡು ಅಂಕ ಹಿಂದಿದ್ದೀರಿ.’ ಇದಕ್ಕೆ ಎರಡು ಸಲ ಉತ್ತರ ಪಡೆಯಿರಿ: ನೀವು ಏನು ಮಾಡುತ್ತೀರಿ, ನಿಮ್ಮ ತಂಡದ ಹೆಚ್ಚಿನವರು ಏನು ಮಾಡುತ್ತಾರೆ. ಮೊದಲ ಉತ್ತರದಲ್ಲಿ ಎಲ್ಲರೂ ಒಳ್ಳೆಯವರಾಗಿರುತ್ತಾರೆ. ಎರಡನೆಯದರಲ್ಲಿ ನಿಜ ಹೊರಬರುತ್ತದೆ. ಮೂರನೇ ಭಾಗ ಒತ್ತಡದ ಬಗ್ಗೆ: ಯಾರಿಂದ, ಎಷ್ಟು ಸಲ. ನಾಲ್ಕನೆಯದು ಕಳೆದ 12 ತಿಂಗಳ ಅನುಭವ. ಇಲ್ಲಿ ಕಾಯಿಲೆಯ ಹೆಸರು ಹಿಡಿದು ಕೇಳಬೇಡಿ, ಲಕ್ಷಣ ಹಿಡಿದು ಕೇಳಿ. ‘ಪೆಟ್ಟಾದ ಮೇಲೆ ತಲೆನೋವು, ತಲೆಸುತ್ತು, ಕಣ್ಣು ಮಂಜು, ವಾಕರಿಕೆ, ಸ್ವಲ್ಪ ಹೊತ್ತಿನದು ನೆನಪಿಲ್ಲದಿರುವುದು ಇವುಗಳಲ್ಲಿ ಏನಾದರೂ ಆಗಿತ್ತೇ? ಆದಾಗ ಆಟ ಮುಂದುವರಿಸಿದಿರಾ? ಯಾರಿಗೆ, ಯಾವಾಗ ಹೇಳಿದಿರಿ?’

ಅನುವಾದಕ್ಕೆ ಇಬ್ಬರು ಬೇರೆ ಬೇರೆಯಾಗಿ ಕನ್ನಡಕ್ಕೆ ತರಲಿ, ಮೂಲವನ್ನು ನೋಡಿರದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಲಿ. ಎಲ್ಲಿ ಅರ್ಥ ಜಾರಿದೆ ಎಂದು ಆಗ ಕಾಣುತ್ತದೆ. ಬಳಿಕ ಬೇರೆ ಕಾಲೇಜಿನ 8–10 ಆಟಗಾರರ ಹತ್ತಿರ ಗಟ್ಟಿಯಾಗಿ ಓದಿಸಿ, ಏನು ಅರ್ಥವಾಯಿತು ಎಂದು ಕೇಳಿ.

ಗುಟ್ಟು ಕಾಯುವುದರಲ್ಲಿ ಎಡವಿದರೆ ಇಷ್ಟೆಲ್ಲ ವ್ಯರ್ಥ. ಹೆಸರು, ರಿಜಿಸ್ಟರ್ ನಂಬರ್ ಬೇಡ ಎಂಬುದು ಎಲ್ಲರಿಗೂ ಗೊತ್ತು. ಆದರೆ 12 ಜನರ ತಂಡದಲ್ಲಿ ‘ದ್ವಿತೀಯ ವರ್ಷ, ಎಡ ಕಾರ್ನರ್’ ಎಂದು ಬರೆಸಿದರೆ ಹೆಸರು ಬರೆಸಿದ ಹಾಗೆಯೇ. ಆಟ ಮತ್ತು ಲಿಂಗ, ಅಷ್ಟು ಸಾಕು. ಹಾಳೆ ಹಂಚುವವರು, ವಾಪಸ್ ಪಡೆಯುವವರು ಕೋಚ್ ಆಗಿರಬಾರದು, ನೀವೂ ಆಗಿರಬಾರದು. ಗ್ರಂಥಪಾಲಕರೋ ಬೇರೆ ವಿಭಾಗದವರೋ ಮುಚ್ಚಿದ ಪೆಟ್ಟಿಗೆ ಇಟ್ಟು ಮಾಡಲಿ. 18 ತುಂಬದ ಪ್ರಥಮ ವರ್ಷದವರು ಇದ್ದರೆ ಪೋಷಕರ ಒಪ್ಪಿಗೆ ಬೇಕು. ಫಲಿತಾಂಶವನ್ನು ಪ್ರಕಟಿಸುವ ಉದ್ದೇಶವಿದ್ದರೆ ನೈತಿಕ ಸಮಿತಿಯ ಅನುಮತಿಯನ್ನು ಮೊದಲೇ ಪಡೆಯಿರಿ.

70 ಜನರ ಲೆಕ್ಕವನ್ನು ಮೂರು ಆಟಗಳಿಗೆ ಒಡೆದು ‘ಗಣನೀಯ ವ್ಯತ್ಯಾಸ’ ಹುಡುಕಲು ಹೋಗಬೇಡಿ, ಸಂಖ್ಯೆ ಸಾಲದು. ಎಷ್ಟು ಜನರಲ್ಲಿ ಎಷ್ಟು ಎಂದು ನೇರವಾಗಿ ಬರೆಯಿರಿ. ತರಬೇತಿಗೆ ಮೊದಲು, ತರಬೇತಿಯ ವಾರದಲ್ಲಿ, ಮತ್ತೆ ಮೂರು ತಿಂಗಳ ಬಳಿಕ ಹೀಗೆ ಮೂರು ಸಲ ಕೇಳಿ. ವಾರದೊಳಗೆ ಏರಿದ ಅಂಕ ಮೂರು ತಿಂಗಳಿಗೆ ನಿಂತಿದೆಯೇ ಎಂಬುದೇ ಪ್ರಶ್ನೆ.


ಫಿಸಿಯೊ_ಧಾರವಾಡ:

ಮೇಡಂ, ಅಂಕಣದ ಪಕ್ಕದ ಕೆಲಸ ನಾನು ಹೇಳ್ತೀನಿ. ಡಾಕ್ಟರ್ ಇಲ್ಲದ ಕಡೆ ನಿಮ್ಮ ಕೆಲಸ ‘ಕನ್ಕಷನ್ ಹೌದೋ ಅಲ್ಲವೋ’ ಎಂದು ತೀರ್ಮಾನಿಸುವುದಲ್ಲ. ಸಂಶಯ ಬಂತೇ, ಹೊರಗೆ. ಹೊರಗೆ ಬಂದವರು ಆ ದಿನ ಮತ್ತೆ ಒಳಗಿಲ್ಲ. ಇಷ್ಟನ್ನು ಮಾತ್ರ ಗಟ್ಟಿಯಾಗಿ ಹಿಡಿಯಿರಿ.

2022ರ ಅಕ್ಟೋಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನಡೆದ, ಆಟಗಳಲ್ಲಿನ ಕನ್ಕಷನ್ ಕುರಿತ ಅಂತರರಾಷ್ಟ್ರೀಯ ಸಮ್ಮೇಳನದ ಒಮ್ಮತದ ಹೇಳಿಕೆ 2023ರಲ್ಲಿ ಪ್ರಕಟವಾಯಿತು. ಅದರ ಜೊತೆ ಬಂದ ಎರಡು ಸಾಧನಗಳು ನಿಮಗೆ ಗೊತ್ತಿರಬೇಕು. ‘ಸಿಆರ್‌ಟಿ6’ ಯಾರು ಬೇಕಾದರೂ ಬಳಸಬಹುದಾದ ಎರಡು ಪುಟದ ಹಾಳೆ, ಉಚಿತ. ಮುದ್ರಿಸಿ ಲ್ಯಾಮಿನೇಟ್ ಮಾಡಿ ಕಿಟ್‌ನಲ್ಲಿ ಇಡಿ. ‘ಸ್ಕ್ಯಾಟ್6’ ವೈದ್ಯರು ಮತ್ತು ತರಬೇತಿ ಪಡೆದ ಆರೋಗ್ಯ ಸಿಬ್ಬಂದಿಗೆ ಮಾತ್ರ. 22 ಲಕ್ಷಣಗಳಿಗೆ ಒಂದೊಂದಕ್ಕೂ 0ರಿಂದ 6, 10 ಪದಗಳನ್ನು ಮೂರು ಸಲ ಕೇಳಿಸಿ ನೆನಪು ನೋಡುವುದು, ಅಂಕಿ ಹಿಂದುಮುಂದು, ತಿಂಗಳು ಹಿಂದುಮುಂದು, ಸಮತೋಲನ, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ತುದಿ ಹಚ್ಚಿ ಮೂರು ಮೀಟರ್ ನಡಿಗೆ. ಸರಿಯಾಗಿ ಮಾಡಲು ಕನಿಷ್ಠ 10–15 ನಿಮಿಷ ಬೇಕು. ಎರಡು ನಿಮಿಷದ ಟೈಮ್ ಔಟ್‌ನಲ್ಲಿ ಅದನ್ನು ಮುಗಿಸಿದೆ ಎನ್ನುವವರನ್ನು ನಂಬಬೇಡಿ. ಪದಪಟ್ಟಿಯನ್ನು ನಾವೇ ಕನ್ನಡಕ್ಕೆ ತಿರುಗಿಸಿ ಅಂಕ ಹಾಕುವುದೂ ತಪ್ಪು. ಕನ್ನಡ ಮಾಧ್ಯಮದ ಹುಡುಗ ಜನವರಿ–ಡಿಸೆಂಬರ್ ಹಿಂದುಮುಂದಾಗಿ ಹೇಳಲು ತಡವರಿಸಿದರೆ ಅದು ಪೆಟ್ಟಿನಿಂದಲೋ ಅಭ್ಯಾಸ ಇಲ್ಲದ್ದಕ್ಕೋ ಹೇಗೆ ಗೊತ್ತಾಗಬೇಕು? ಋತುವಿಗೆ ಮೊದಲೇ ಪ್ರತಿಯೊಬ್ಬರದೂ ಒಂದು ಸಲ ಪರೀಕ್ಷೆ ಮಾಡಿ ಇಟ್ಟಿದ್ದರೆ ಹೋಲಿಸಲು ಅನುಕೂಲ.

ಈಗ ಕಣ್ಣಿಗೆ ಕಾಣುವುದು. ಬಿದ್ದವನು ಅಲ್ಲಾಡದೆ ಮಲಗಿರುವುದು, ಏಳಲು ತಡ ಮಾಡುವುದು, ಎದ್ದ ಮೇಲೆ ಓಲಾಡುವುದು, ತಲೆ ಹಿಡಿದುಕೊಳ್ಳುವುದು, ಶೂನ್ಯ ನೋಟ, ತನ್ನ ಅಂಕಣ ಯಾವ ಕಡೆ ಎಂದು ಗೊಂದಲ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು. ಇವುಗಳಲ್ಲಿ ಒಂದು ಕಂಡರೂ ಸಾಕು. ಪ್ರಜ್ಞೆ ತಪ್ಪಬೇಕು ಎಂದು ಕಾಯಬೇಡಿ. ಕನ್ಕಷನ್ ಆದವರಲ್ಲಿ ಪ್ರಜ್ಞೆ ತಪ್ಪುವವರು ಹತ್ತರಲ್ಲಿ ಒಬ್ಬರೂ ಇರುವುದಿಲ್ಲ. ಜೊತೆಗೆ ಈ ಪ್ರಶ್ನೆಗಳು: ನಾವೀಗ ಯಾವ ಊರಲ್ಲಿ, ಯಾವ ಮೈದಾನದಲ್ಲಿ ಇದ್ದೇವೆ? ಇದು ಮೊದಲ ಅರ್ಧವೋ ಎರಡನೆಯದೋ? ಕೊನೆಯ ಅಂಕ ಯಾರು ಗಳಿಸಿದ್ದು? ಹಿಂದಿನ ಪಂದ್ಯ ಯಾರ ಮೇಲೆ ಆಡಿದ್ದು, ಗೆದ್ದೆವೋ ಸೋತೆವೋ? ‘ನಿನ್ನ ಹೆಸರೇನು, ಅಪ್ಪನ ಹೆಸರೇನು’ ಎಂದು ಕೇಳುವುದು ದಂಡ. ಹಳೆಯ ನೆನಪು ಹಾಗೇ ಇರುತ್ತದೆ, ಹೋಗುವುದು ಈಗಿನದು. ಒಂದು ಉತ್ತರ ತಪ್ಪಿದರೂ ಹೊರಗೆ. ಎಲ್ಲ ಸರಿಯಾಗಿ ಹೇಳಿದರೆ ಆಡಬಹುದು ಎಂದು ಅರ್ಥವಲ್ಲ, ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

2014ರ ಫುಟ್‌ಬಾಲ್ ವಿಶ್ವಕಪ್ ಫೈನಲ್ ನಿಮ್ಮ ಹುಡುಗರು ನೋಡಿರುತ್ತಾರೆ. ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ತಲೆಗೆ ಎದುರಾಳಿಯ ಭುಜ ಬಡಿದ ಮೇಲೂ ಸುಮಾರು 14 ನಿಮಿಷ ಆಡಿದ. ಕೊನೆಗೆ ರೆಫರಿಯ ಹತ್ತಿರ ಹೋಗಿ ಇದು ಫೈನಲ್ಲೇ ಎಂದು ಕೇಳಿದ. ಓಡುತ್ತಿದ್ದಾನೆ ಎಂದರೆ ಸರಿಯಿದ್ದಾನೆ ಎಂದಲ್ಲ ಎನ್ನುವುದಕ್ಕೆ ತರಬೇತಿಯಲ್ಲಿ ಆ ವಿಡಿಯೊ ತೋರಿಸಿ.

ಕೂಡಲೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು ಬೇರೆ: ಕುತ್ತಿಗೆ ನೋವು, ಹೆಚ್ಚುತ್ತಾ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಫಿಟ್ಸ್, ಒಂದು ವಸ್ತು ಎರಡಾಗಿ ಕಾಣುವುದು, ಕೈಕಾಲಿನಲ್ಲಿ ಬಲ ಇಲ್ಲದಿರುವುದು ಅಥವಾ ಜುಮ್ಮೆನ್ನುವುದು, ಪ್ರಜ್ಞೆ ತಪ್ಪಿದ್ದು ಅಥವಾ ಮಂಪರು ಹೆಚ್ಚುತ್ತಿರುವುದು, ಇದ್ದಕ್ಕಿದ್ದಂತೆ ರೇಗಾಟ. 108ಕ್ಕೆ ಕರೆ ಮಾಡಿ. ಕುತ್ತಿಗೆ ನೋವು ಎಂದವರನ್ನು, ಪ್ರಜ್ಞೆ ಇಲ್ಲದವರನ್ನು ಕೈಕಾಲು ಹಿಡಿದು ಎತ್ತಿ ಹೊರಗೆ ತರುವುದು ನಮ್ಮ ಮೈದಾನಗಳಲ್ಲಿ ಆಗುವ ಅತಿ ದೊಡ್ಡ ಅಪಾಯ. ಒಬ್ಬರು ತಲೆಯ ಎರಡೂ ಬದಿ ಹಿಡಿದು ಅಲ್ಲಾಡದಂತೆ ನೋಡಿಕೊಳ್ಳಲಿ, ಉಸಿರಾಟ ಗಮನಿಸಲಿ, ಪಂದ್ಯ ನಿಲ್ಲಲಿ. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಬಾಯಿಗೆ ನೀರು ಹಾಕುವುದು ಯಾವುದೂ ಬೇಡ.

ಇನ್ನೊಂದು. ತೂಕದ ಮಿತಿ ಇರುವ ಪಂದ್ಯಗಳಿಗೆ ಹುಡುಗರು ಊಟ ನೀರು ಬಿಟ್ಟು ಬಂದಿರುತ್ತಾರೆ. ಆಗ ತಲೆನೋವು, ತಲೆಸುತ್ತು ಬಂದರೆ ‘ನೀರು ಕಡಿಮೆ ಆಗಿದೆ ಸರ್’ ಎನ್ನುತ್ತಾರೆ. ಇರಬಹುದು. ಆದರೆ ಪೆಟ್ಟು ಬಿದ್ದದ್ದನ್ನು ಯಾರಾದರೂ ನೋಡಿದ್ದರೆ ಆ ಕಾರಣವನ್ನು ಒಪ್ಪಿಕೊಳ್ಳಬೇಡಿ.


ಕರಾವಳಿ_ರೆಫರಿ:

ಕಬಡ್ಡಿಯ ಮಟ್ಟಿಗೆ ಪೆಟ್ಟು ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದರೆ ಕಣ್ಣು ಅಲ್ಲಿಯೇ ಇಡಬಹುದು. ರೇಡರ್‌ಗೇ ಹೆಚ್ಚು ಪೆಟ್ಟು ಅಂತ ಜನ ತಿಳಿದಿದ್ದಾರೆ, ಡಿಫೆಂಡರ್‌ಗಳನ್ನು ಯಾರೂ ನೋಡುವುದೇ ಇಲ್ಲ. ಆಂಕಲ್ ಹೋಲ್ಡ್‌ಗೆ, ಅಂದರೆ ರೇಡರ್‌ನ ಕಣಕಾಲು ಹಿಡಿಯಲು, ತಲೆ ತಗ್ಗಿಸಿ ನುಗ್ಗಿದವನ ಮುಖಕ್ಕೆ ರೇಡರ್‌ನ ಮಂಡಿ ಅಥವಾ ಹಿಮ್ಮಡಿ ತಾಗುತ್ತದೆ. ಎರಡೂ ಕಾರ್ನರ್‌ನವರು ಒಟ್ಟಿಗೆ ಡೈವ್ ಮಾಡಿದಾಗ ತಲೆಗೆ ತಲೆ ಬಡಿಯುತ್ತದೆ. ಎದುರಿನಿಂದ ಬ್ಲಾಕ್ ಮಾಡಿ ಎತ್ತಿ ಹಾಕಿದರೆ ರೇಡರ್ ಹಿಂದಲೆ ಕೆಳಗಾಗಿ ಬೀಳುತ್ತಾನೆ. ಡ್ಯಾಶ್ ಹೊಡೆದಾಗ ಮ್ಯಾಟ್ ದಾಟಿ ಹೋಗಿ ಬೀಳುವ ಜಾಗ ಉಂಟಲ್ಲ, ಅದು ಇನ್ನೂ ಅಪಾಯ. ಹೊನಲು ಬೆಳಕಿನ ಪಂದ್ಯಗಳಲ್ಲಿ ಮ್ಯಾಟ್‌ನ ಅಂಚಿಗೇ ಸ್ಕೋರರ್ ಮೇಜು, ದೀಪದ ಕಂಬ, ಪ್ಲಾಸ್ಟಿಕ್ ಕುರ್ಚಿ ಇಟ್ಟಿರುತ್ತಾರೆ. ಪಂದ್ಯ ಶುರುವಾಗುವ ಮೊದಲು ಅದನ್ನೆಲ್ಲ ಹಿಂದಕ್ಕೆ ಹಾಕಿಸಿ. ಮ್ಯಾಟ್‌ನ ತುಂಡುಗಳ ಸೇರಿಕೆ ಬಿಟ್ಟುಕೊಂಡಿದೆಯಾ ಎಂದು ಕಾಲಲ್ಲಿ ಒತ್ತಿ ನೋಡಿ.

ಕಬಡ್ಡಿಯಲ್ಲಿ ಇನ್ನೊಂದು ಸೂಕ್ಷ್ಮ ಉಂಟು ಮಾರಾಯ್ರೆ. ಪೆಟ್ಟು ತಿಂದ ರೇಡರ್ ಅದೇ ಹಿಡಿತದಲ್ಲಿ ಔಟ್ ಆಗಿರುತ್ತಾನೆ. ಸೀದಾ ಹೋಗಿ ಔಟಾದವರ ಜಾಗದಲ್ಲಿ ಕೂರುತ್ತಾನೆ. ಎಲ್ಲರ ಕಣ್ಣು ಮುಂದಿನ ರೇಡ್ ಮೇಲೆ. ಅವನ ತಂಡ ಒಂದು ಅಂಕ ತೆಗೆದರೆ ಸರದಿಯಂತೆ ಜೀವ ಬಂದು ಎದ್ದು ಒಳಗೆ ಹೋಗುತ್ತಾನೆ. ಯಾರೂ ಅವನನ್ನು ಮಾತಾಡಿಸಿರುವುದಿಲ್ಲ. ಅವನು ಕೂತ ಆ ಒಂದೆರಡು ನಿಮಿಷವೇ ನಿಮ್ಮ ಸಮಯ. ತಂಡದ ಜೊತೆ ಇರುವ ಒಬ್ಬರಿಗೆ ಇದೊಂದೇ ಕೆಲಸ ಕೊಡಿ: ತಲೆ ತಾಗಿ ಔಟಾದವರ ಪಕ್ಕ ಹೋಗಿ ಕೂತು ಮೇಲೆ ಫಿಸಿಯೊ ಹೇಳಿದ ಪ್ರಶ್ನೆಗಳನ್ನು ಕೇಳುವುದು. ಔಟಾಗಿ ಕೂತವನ ಜಾಗಕ್ಕೆ ಬದಲಿಯನ್ನು ಹೇಗೆ, ಯಾವಾಗ ಬಿಡುತ್ತಾರೆ ಎಂದು ಟಾಸ್‌ಗೆ ಮೊದಲೇ ರೆಫರಿಯ ಹತ್ತಿರ ಕೇಳಿಟ್ಟುಕೊಳ್ಳಿ, ಆಟದ ಮಧ್ಯೆ ವಾದ ಮಾಡುವುದಕ್ಕೆ ಆಗುವುದಿಲ್ಲ.

ಬದಲಿ ಆಟಗಾರರು ಇರುವ ಆಟ ಇದು, ಹೊರಗೆ ಕರೆದರೆ ತಂಡ ಆರು ಜನರಲ್ಲಿ ಆಡಬೇಕಾಗಿಲ್ಲ. ಆದರೂ ಕರೆಯುವುದಿಲ್ಲ, ಯಾಕೆಂದರೆ ಆ ಬದಲಿ ರೇಡರ್ ಅಭ್ಯಾಸದಲ್ಲೂ ಮುಖ್ಯ ರೇಡರ್‌ನ ಜಾಗದಲ್ಲಿ ಆಡಿರುವುದಿಲ್ಲ. ವಾರಕ್ಕೆ ಒಂದು ದಿನ ಮುಖ್ಯ ರೇಡರ್ ಇಲ್ಲದೆ ಪೂರ್ತಿ ಅಭ್ಯಾಸ ಪಂದ್ಯ ಆಡಿಸಿ. ಕೋಚ್‌ಗೆ ಹೊರಗೆ ಕರೆಯುವ ಧೈರ್ಯ ಅಲ್ಲಿಂದ ಬರುತ್ತದೆ.

ಫುಟ್‌ಬಾಲ್‌ನಲ್ಲಿ 2024ರ ಜುಲೈಯಿಂದ ನಿಯಮ ಪುಸ್ತಕದಲ್ಲೇ ಕನ್ಕಷನ್‌ಗೆ ಪ್ರತ್ಯೇಕ ಹೆಚ್ಚುವರಿ ಬದಲಿಯ ಅವಕಾಶ ಬಂದಿದೆ, ಬಳಸುವುದು ಬಿಡುವುದು ಟೂರ್ನಿಯವರ ಇಷ್ಟ. ನಿಮ್ಮ ವಲಯದ ಸಭೆಯಲ್ಲಿ ಇದನ್ನು ಕೇಳಿ ಬರೆಸಿಕೊಳ್ಳಿ.


ಅಂಕಣದಂಚು:

ಔಟಾಗಿ ಕೂತವರ ವಿಚಾರ ನಿಜಕ್ಕೂ ಯಾರೂ ಗಮನಿಸದ್ದು, ಇವತ್ತೇ ಒಬ್ಬರನ್ನು ನೇಮಿಸುತ್ತೇನೆ. ಇನ್ನು ಮೂರು ಸಂಶಯ. ಹಾಸ್ಟೆಲ್‌ನಲ್ಲಿ ಇರುವವರನ್ನು ರಾತ್ರಿ ಮಲಗಲು ಬಿಡಬಹುದೇ, ಗಂಟೆಗೊಮ್ಮೆ ಎಬ್ಬಿಸಬೇಕೇ? ನೋವಿನ ಡೈಕ್ಲೋಫೆನಾಕ್ ಮಾತ್ರೆಯನ್ನು ಎಲ್ಲರೂ ಕಿಟ್‌ನಲ್ಲೇ ಇಟ್ಟುಕೊಂಡಿರುತ್ತಾರೆ, ಅದನ್ನು ಕೊಡಬಹುದೇ? ಮತ್ತೆ ಆಟಕ್ಕೆ ಯಾವಾಗ? ‘ಎರಡು ವಾರ ರೆಸ್ಟ್’ ಎಂದು ಚೀಟಿ ತರುತ್ತಾರೆ, ಅಷ್ಟರಲ್ಲಿ ಇಂಟರ್ನಲ್ಸ್ ಇರುತ್ತದೆ.


ತುರ್ತುಘಟಕ_ವೈದ್ಯೆ:

ಮೊದಲ ಮೂರು ಗಂಟೆಯಾದರೂ ಒಬ್ಬರೇ ಇರಬಾರದು, ಒಬ್ಬರೇ ಹಾಸ್ಟೆಲ್‌ಗೆ ನಡೆದು ಹೋಗಬಾರದು, ಬೈಕ್ ಓಡಿಸಬಾರದು, ಮದ್ಯ ಬೇಡ. ಬೈಕ್ ಕೀಲಿಯನ್ನು ನೀವೇ ಇಟ್ಟುಕೊಳ್ಳಿ. ಈ ಕಾಯುವಿಕೆ ಕನ್ಕಷನ್‌ಗಾಗಿ ಅಲ್ಲ, ತಲೆಯೊಳಗೆ ರಕ್ತಸ್ರಾವ ಆಗುತ್ತಿದ್ದರೆ ಗೊತ್ತಾಗಲಿ ಎಂದು. ಅಂಥವರು ಮೊದಲು ಚೆನ್ನಾಗಿ ಮಾತಾಡಿಕೊಂಡಿದ್ದು ಕೆಲವು ಗಂಟೆಗಳ ಬಳಿಕ ಮಂಪರಿಗೆ ಜಾರಬಹುದು.

ವೈದ್ಯರು ನೋಡಿ ಅಪಾಯದ ಲಕ್ಷಣ ಇಲ್ಲ ಎಂದ ಮೇಲೆ ನಿದ್ದೆ ಮಾಡಲು ಬಿಡಿ. ನಿದ್ದೆ ಬೇಕು. ಗಂಟೆಗೊಮ್ಮೆ ಎಬ್ಬಿಸುವ ಪದ್ಧತಿಯಿಂದ ಮರುದಿನದ ತಲೆನೋವು ಹೆಚ್ಚುತ್ತದೆ, ಅಷ್ಟೇ. ಆದರೆ ರೂಮಿನಲ್ಲಿ ಇನ್ನೊಬ್ಬರು ಇರಲೇಬೇಕು, ಅವರ ಫೋನಿನಲ್ಲಿ ವಾರ್ಡನ್ ಮತ್ತು 108 ಇರಬೇಕು. ಮಲಗುವ ಮೊದಲು ವಾಂತಿ, ಹೆಚ್ಚುತ್ತಿರುವ ತಲೆನೋವು ಇದ್ದರೆ ಮಲಗಿಸುವುದಲ್ಲ, ಆಸ್ಪತ್ರೆಗೆ ಕರೆದೊಯ್ಯುವುದು. ಜಿಲ್ಲಾ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಇದೆಯೇ, ರಾತ್ರಿ ನಡೆಯುತ್ತದೆಯೇ ಎಂದು ಪಂದ್ಯದ ಊರಿಗೆ ಹೋಗುವ ಮೊದಲೇ ವಿಚಾರಿಸಿ. ಬೆಂಗಳೂರಿನ ಸುತ್ತ ಆದರೆ ನಿಮ್ಹಾನ್ಸ್‌ನ ತುರ್ತು ವಿಭಾಗ ಇದೆ. ಸ್ಕ್ಯಾನ್ ಮಾಡುವುದು ರಕ್ತಸ್ರಾವ, ಬಿರುಕು ಹುಡುಕಲು. ಕನ್ಕಷನ್ ಅದರಲ್ಲಿ ಕಾಣುವುದಿಲ್ಲ, ಏಕೆಂದರೆ ಕೆಟ್ಟಿರುವುದು ರಚನೆಯಲ್ಲ, ನರಕೋಶಗಳ ಕೆಲಸ. ಅಲುಗಾಟದಿಂದ ಕೋಶಗಳ ಒಳಹೊರಗಿನ ಅಯಾನುಗಳ ಸಮತೋಲನ ತಪ್ಪುತ್ತದೆ. ಅದನ್ನು ಸರಿಪಡಿಸಲು ಹೆಚ್ಚು ಗ್ಲುಕೋಸ್ ಬೇಕು, ಅದೇ ಹೊತ್ತಿಗೆ ರಕ್ತದ ಹರಿವು ತಗ್ಗಿರುತ್ತದೆ. ಈ ಕೊರತೆಯ ದಿನಗಳಲ್ಲಿ ಇನ್ನೊಂದು ಪೆಟ್ಟು ಬಿದ್ದರೆ ಚೇತರಿಕೆ ಬಹಳ ತಡವಾಗುತ್ತದೆ. ಅಪರೂಪಕ್ಕೆ, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ, ಮೆದುಳು ಊದಿಕೊಂಡು ಜೀವವೇ ಹೋಗಬಹುದು.

ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಮೊದಲ ಎರಡು ದಿನ ಬೇಡ, ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಬೇಕೇ ಬೇಕೆಂದರೆ ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್. ಆದರೆ ಮಾತ್ರೆ ನುಂಗಿ ತಲೆನೋವು ಹೋದದ್ದನ್ನು ‘ಗುಣವಾಯಿತು’ ಎಂದು ಲೆಕ್ಕ ಹಾಕಬಾರದು. ಆಟಕ್ಕೆ ಮರಳುವ ಹಂತಗಳಲ್ಲಿ ಮಾತ್ರೆಯೇ ಇರಬಾರದು.

ಎರಡು ವಾರ ಕತ್ತಲೆ ಕೋಣೆಯಲ್ಲಿ ಮಲಗಿಸುವ ಸಲಹೆ ಹಳೆಯದಾಯಿತು. ಈಗ 24ರಿಂದ 48 ಗಂಟೆ ಸಾಪೇಕ್ಷ ವಿಶ್ರಾಂತಿ. ಮನೆಯೊಳಗಿನ ಓಡಾಟ, ಸಣ್ಣ ನಡಿಗೆ ಇರಲಿ, ಮೊಬೈಲ್ ಮಾತ್ರ ಆ 48 ಗಂಟೆ ಆದಷ್ಟು ಕಡಿಮೆ. ಆಮೇಲೆ ಆರು ಹಂತ, ಒಂದೊಂದಕ್ಕೂ ಕನಿಷ್ಠ 24 ಗಂಟೆ. ಮೊದಲು ದಿನನಿತ್ಯದ ಕೆಲಸ. ಬಳಿಕ ವೇಗದ ನಡಿಗೆ ಅಥವಾ ನಿಂತ ಸೈಕಲ್, ಹೃದಯ ಬಡಿತ ಗರಿಷ್ಠದ 55%ವರೆಗೆ, ತಡೆದುಕೊಂಡರೆ 70%ವರೆಗೆ. 20 ವರ್ಷದವರಿಗೆ ಗರಿಷ್ಠ ಸುಮಾರು 200 ಎಂದು ಹಿಡಿಯಿರಿ. 15 ಸೆಕೆಂಡ್ ನಾಡಿ ಎಣಿಸಿದರೆ ಮೊದಲು 27, ಆಮೇಲೆ 35 ದಾಟಬಾರದು. ಮೂರನೆಯದು ಒಬ್ಬರೇ ಮಾಡುವ ಆಟದ ಅಭ್ಯಾಸ, ದಿಕ್ಕು ಬದಲಿಸಿ ಓಡುವುದು ಇತ್ಯಾದಿ, ತಲೆಗೆ ಏನೂ ತಾಗುವ ಸಾಧ್ಯತೆ ಇರಕೂಡದು. ಈ ಮೂರು ಹಂತಗಳಲ್ಲಿ ಲಕ್ಷಣ ಕೊಂಚ ಏರಿದರೆ ಗಾಬರಿ ಬೇಡ: 10ರ ಅಳತೆಯಲ್ಲಿ 2ಕ್ಕಿಂತ ಹೆಚ್ಚು ಏರಬಾರದು, ಒಂದು ಗಂಟೆಯೊಳಗೆ ಇಳಿಯಬೇಕು. ಹೆಚ್ಚಾದರೆ ಅಂದಿಗೆ ನಿಲ್ಲಿಸಿ, ಮರುದಿನ ಅದೇ ಹಂತ.

ನಾಲ್ಕನೆಯದಕ್ಕೆ, ಅಂದರೆ ತಂಡದ ಜೊತೆ ಸಂಪರ್ಕವಿಲ್ಲದ ಅಭ್ಯಾಸಕ್ಕೆ, ಹೋಗುವ ಮೊದಲು ಎಲ್ಲ ಲಕ್ಷಣವೂ ಸಂಪೂರ್ಣ ಹೋಗಿರಬೇಕು, ಶ್ರಮಪಟ್ಟಾಗಲೂ ಬರಬಾರದು. ಐದನೆಯದು ಪೂರ್ಣ ಸಂಪರ್ಕದ ಅಭ್ಯಾಸ, ಅದಕ್ಕೆ ವೈದ್ಯರ ಬರಹದ ಒಪ್ಪಿಗೆ ಬೇಕು. ಆರನೆಯದು ಪಂದ್ಯ. ನಾಲ್ಕು, ಐದರಲ್ಲಿ ತಲೆನೋವು ಮರಳಿದರೆ ಮೂರಕ್ಕೆ ವಾಪಸ್. ಎಲ್ಲ ಸುಸೂತ್ರವಾದರೂ ವಾರಕ್ಕಿಂತ ಮೊದಲು ಮುಗಿಯದು. ಆಮ್‌ಸ್ಟರ್‌ಡ್ಯಾಮ್ ಹೇಳಿಕೆಗಾಗಿ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಆಟಕ್ಕೆ ಮರಳಲು ಹಿಡಿದ ಸರಾಸರಿ ಅವಧಿ 19.8 ದಿನ. ತಿಂಗಳಾದರೂ ಲಕ್ಷಣ ಉಳಿದರೆ ತಜ್ಞರ ಬಳಿ ಹೋಗಬೇಕು.

ಇಂಟರ್ನಲ್ಸ್ ಬಗ್ಗೆ: 93% ಆಟಗಾರರು ಯಾವ ಹೆಚ್ಚಿನ ನೆರವಿಲ್ಲದೆ 10 ದಿನದೊಳಗೆ ಪೂರ್ಣವಾಗಿ ಓದಿಗೆ ಮರಳುತ್ತಾರೆ ಎಂದು ಅದೇ ಲೆಕ್ಕ ಹೇಳುತ್ತದೆ. ಮೊದಲ ವಾರದಲ್ಲಿ ಪರೀಕ್ಷೆ ಬಿದ್ದರೆ ಮುಂದೂಡಿಸಿ. ಅರ್ಧ ದಿನ ತರಗತಿ, 30 ನಿಮಿಷಕ್ಕೊಮ್ಮೆ ಬಿಡುವು, ಪ್ರೊಜೆಕ್ಟರ್‌ನಿಂದ ದೂರದ ಬೆಂಚು, ಇಷ್ಟು ಸಾಕಾಗುತ್ತದೆ. ಓದಲು ಆಗದವರನ್ನು ಅಂಕಣಕ್ಕೆ ಇಳಿಸಬಾರದು, ಮೊದಲು ಪೂರ್ಣ ತರಗತಿ, ಆಮೇಲೆ ಸಂಪರ್ಕದ ಆಟ.

ಹುಡುಗಿಯರ ತಂಡವನ್ನು ಬಿಟ್ಟುಬಿಡಬೇಡಿ. ಫುಟ್‌ಬಾಲ್, ಬಾಸ್ಕೆಟ್‌ಬಾಲ್‌ನಂಥ ಒಂದೇ ನಿಯಮದ ಆಟಗಳಲ್ಲಿ ಕನ್ಕಷನ್ ಪ್ರಮಾಣ ಅವರಲ್ಲೇ ಹೆಚ್ಚು ದಾಖಲಾಗಿದೆ.


ಲೆದರ್_ಬಾಲ್:

ಕ್ರಿಕೆಟ್ ತಂಡಕ್ಕೆ ಒಂದು ಮಾತು. ಹೆಲ್ಮೆಟ್ ತಲೆಬುರುಡೆ, ಮುಖದ ಮೂಳೆ ಉಳಿಸುತ್ತದೆ. ಒಳಗೆ ಮೆದುಳು ಅಲುಗುವುದನ್ನು ತಡೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಆರ್ಚರ್ ಎಸೆತ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಮೊದಲ ಪರೀಕ್ಷೆಗಳಲ್ಲಿ ಸರಿಯಾಗಿದ್ದರು, ಮತ್ತೆ ಬಂದು ಬ್ಯಾಟ್ ಮಾಡಿ 92ಕ್ಕೆ ಔಟಾದರು. ಮರುದಿನ ಬೆಳಿಗ್ಗೆ ಲಕ್ಷಣ ಕಾಣಿಸಿಕೊಂಡಿತು. ಲಬುಶೇನ್ ಟೆಸ್ಟ್‌ನ ಮೊದಲ ಕನ್ಕಷನ್ ಬದಲಿಯಾಗಿ ಇಳಿದರು. ವೈದ್ಯರು ಪಕ್ಕದಲ್ಲೇ ಇದ್ದ ಕಡೆ ಹೀಗೆ. ನಮ್ಮ ಕಾಲೇಜು ಪಂದ್ಯದಲ್ಲಿ ಸಂಜೆ ಬಸ್ಸಿನಲ್ಲಿ, ಮರುದಿನ ಬೆಳಿಗ್ಗೆ ಫೋನಿನಲ್ಲಿ, ಎರಡು ಸಲ ಮತ್ತೆ ಕೇಳುವುದು ಕ್ರಮವಾಗಬೇಕು. ಚೆಂಡು ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ. ತಂಡಕ್ಕೆಲ್ಲ ಎರಡೇ ಹೆಲ್ಮೆಟ್ ಇದ್ದು, ತಲೆಗೆ ಕೂರದೆ ಅಲ್ಲಾಡುತ್ತಿದ್ದರೆ, ಗ್ರಿಲ್ ಸಂದಿಯಲ್ಲಿ ಚೆಂಡು ತೂರುವಂತಿದ್ದರೆ ಮೊದಲು ಖರ್ಚು ಮಾಡಬೇಕಾದದ್ದು ಅಲ್ಲಿ. ಕ್ಯಾಚ್ ಹಿಡಿಯಲು ಇಬ್ಬರು ಓಡಿ ಡಿಕ್ಕಿ ಹೊಡೆಯುವುದಕ್ಕೆ ಹೆಲ್ಮೆಟ್ ಇಲ್ಲ. ಒಬ್ಬರು ಹೆಸರು ಕೂಗಬೇಕು, ಅದನ್ನು ಅಭ್ಯಾಸದಲ್ಲಿ ಮಾಡಿಸಿ.


ಎಂಪಿಎಡ್_ಮಾರ್ಗದರ್ಶಿ:

ಮೇಡಂ, ‘ಗೊತ್ತಿದ್ದೂ ಹೇಳದವರು’ ಎಂಬ ನಿಮ್ಮ ಮುಖ್ಯ ಪ್ರಶ್ನೆ ಉಳಿದಿದೆ. ಅವರಿಗೆ ಮೆದುಳಿನ ಚಿತ್ರ ತೋರಿಸಿ ಹೆದರಿಸುವುದರಿಂದ ಉಪಯೋಗ ಕಡಿಮೆ. 20 ವರ್ಷದವರಿಗೆ ಮುಂದಿನ 20 ವರ್ಷ ಕಾಣುವುದಿಲ್ಲ, ಮುಂದಿನ ಪಂದ್ಯ ಕಾಣುತ್ತದೆ. ಆದ್ದರಿಂದ ಮುಂದಿನ ಪಂದ್ಯದ ಲೆಕ್ಕವನ್ನೇ ಹೇಳಿ. 2016ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ 97 ಆಟಗಾರರ ದಾಖಲೆ ನೋಡಿದಾಗ, ಪೆಟ್ಟಾದ ಕೂಡಲೇ ಹೊರಬರದವರು ಹೊರಬಂದವರಿಗಿಂತ ಸುಮಾರು ಐದು ದಿನ ಹೆಚ್ಚು ಆಟ ಕಳೆದುಕೊಂಡಿದ್ದರು. ಅದೇ ವರ್ಷ ಎಲ್ಬಿನ್ ಮತ್ತು ಸಂಗಡಿಗರು 12ರಿಂದ 19 ವಯಸ್ಸಿನ 69 ಆಟಗಾರರನ್ನು ಹೋಲಿಸಿದರು: ಕೂಡಲೇ ಹೊರಬಂದವರಿಗೆ ಚೇತರಿಕೆ ಸರಾಸರಿ 22 ದಿನ, ಆಡುತ್ತಲೇ ಇದ್ದವರಿಗೆ 44 ದಿನ. ಇದರ ಜೊತೆ, ಕನ್ಕಷನ್ ಬಳಿಕದ ತಿಂಗಳುಗಳಲ್ಲಿ ಮಂಡಿ, ಕಣಕಾಲಿನ ಗಾಯದ ಸಂಭವ ಸುಮಾರು ಎರಡು ಪಟ್ಟು. ಮಂಡಿ ಎಂದರೆ ಹುಡುಗರು ಕಿವಿ ನಿಮಿರಿಸುತ್ತಾರೆ.

ಆಮೇಲೆ ಹೇಳುವುದರಿಂದ ಆಗುವ ನಷ್ಟವನ್ನು ತೆಗೆಯಿರಿ. ಆಯ್ಕೆಯ ದಿನ ತಲೆಗೆ ಪೆಟ್ಟಾಗಿ ಹೊರಬಂದವರಿಗೆ ಮತ್ತೊಂದು ದಿನ ಆಯ್ಕೆಯ ಅವಕಾಶ ಎಂದು ಪ್ರಾಂಶುಪಾಲರ ಸಹಿಯೊಂದಿಗೆ ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಹಾಜರಾತಿಯೂ ಹೋಗಬಾರದು. ಇದನ್ನು ಮಾಡದೆ ‘ಧೈರ್ಯವಾಗಿ ಹೇಳಿ’ ಎನ್ನುವುದು ನ್ಯಾಯವಲ್ಲ. ಪ್ರತಿ ಪಂದ್ಯಕ್ಕೆ ಮೊದಲು ಕೋಚ್ ತಂಡದ ಎದುರಿಗೆ ಒಂದು ವಾಕ್ಯ ಹೇಳಲಿ: ‘ತಲೆಗೆ ತಾಗಿದರೆ ನಾನು ಹೊರಗೆ ಕರೆಯುತ್ತೇನೆ, ಯಾರೂ ವಾದ ಮಾಡುವಂತಿಲ್ಲ.’ ಪೆಟ್ಟು ಬಿದ್ದವರನ್ನೇ ‘ಆಡ್ತೀಯಾ?’ ಎಂದು ಕೇಳುವುದನ್ನು ಪೂರ್ತಿ ನಿಲ್ಲಿಸಬೇಕು. ಆ ಪ್ರಶ್ನೆಗೆ ಉತ್ತರ ಯಾವಾಗಲೂ ‘ಹೂಂ’. ನಾಯಕರಿಗೆ ಮತ್ತು ಹಿರಿಯ ಆಟಗಾರರಿಗೆ ಪ್ರತ್ಯೇಕವಾಗಿ ಅರ್ಧ ಗಂಟೆ ಕೂರಿಸಿ ಹೇಳಿ, ಕಿರಿಯರು ನಿಮ್ಮನ್ನಲ್ಲ, ಅವರನ್ನು ನೋಡಿ ನಡೆಯುತ್ತಾರೆ. ಇಬ್ಬಿಬ್ಬರ ಜೋಡಿ ಮಾಡಿ, ಜೊತೆಗಾರನ ಬಗ್ಗೆ ಸಂಶಯ ಬಂದರೆ ಕೈ ಎತ್ತುವ ಹೊಣೆ ಕೊಡಿ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2009ರಲ್ಲಿ ಶಾಲಾ ಆಟಗಾರರಿಗಾಗಿ ಕಾನೂನು ಬಂತು: ಪ್ರತಿವರ್ಷ ಮಾಹಿತಿ ಹಾಳೆಗೆ ಆಟಗಾರ ಮತ್ತು ಪೋಷಕರ ಸಹಿ, ಸಂಶಯ ಬಂದ ಕೂಡಲೇ ಹೊರಗೆ, ಬರಹದ ವೈದ್ಯಕೀಯ ಒಪ್ಪಿಗೆ ಇಲ್ಲದೆ ವಾಪಸ್ ಇಲ್ಲ. 2010ರಲ್ಲಿ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಕೂಡ ಇದೇ ದಾರಿಯ ನೀತಿ ತಂದಿತು. ನಿಮ್ಮ ಕಾಲೇಜಿಗೆ ಕಾನೂನು ಬೇಕಿಲ್ಲ, ಒಂದು ಪುಟ ಸಾಕು. ಮೇಲೆ ಮಾಹಿತಿ, ಕೆಳಗೆ ಮೂರು ಸಹಿ: ಆಟಗಾರ, ಮನೆಯವರು, ಕೋಚ್. ಕೋಚ್ ಸಹಿಯ ಮೇಲಿನ ವಾಕ್ಯ ಬೇರೆಯದೇ ಇರಲಿ: ‘ಸಂಶಯ ಬಂದವರನ್ನು ಅದೇ ದಿನ ಮತ್ತೆ ಆಡಿಸುವುದಿಲ್ಲ.’ ಮನೆಯವರ ಪ್ರತಿ ಕನ್ನಡದಲ್ಲಿರಲಿ, ಹಾಸ್ಟೆಲ್ ವಾರ್ಡನ್‌ಗೂ ಒಂದು ಪ್ರತಿ ಹೋಗಲಿ. ಪೆಟ್ಟಾದ ದಿನ ಅದೇ ಹಾಳೆಯ ಹಿಂಬದಿಯಲ್ಲಿ ಸಮಯ, ಹೇಗೆ ತಾಗಿತು, ಏನು ಕಂಡಿತು, ಯಾರ ಜೊತೆ ಕಳಿಸಿದಿರಿ ಎಂದು ಬರೆಯಿರಿ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.